ಕಾರಿಗೂ ಒಂದು ಹಾಜರಿ ಪುಸ್ತಕ

ಹುನಗುಂದದಿಂದ ಪಾಲಕರೊಬ್ಬರು ಪತ್ರ ಬರೆದಿದ್ದಾರೆ. ಅವರದು ಸೆಕೆಂಡ್ ಹ್ಯಾಂಡ್ ಕಾರು. ಅಮೀನಗಡ, ಕಮತಗಿ, ಗುಳೇದಗುಡ್ಡದ ಮೇಲೆ ಬಾದಾಮಿಗೆ ಹೊರಟರೆ, ರಸ್ತೆ ಕೆಟ್ಟಿರುವ ಕಡೆಗಳಲ್ಲಿ ವೇಗ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ. ಸ್ಟಿಯರಿಂಗು ಕಲ್ಲಿನಂತೆ ಭಾರವಾಗುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲವೂ ಮೊದಲಿನಂತೆ. ಗ್ಯಾರೇಜೊಂದಕ್ಕೆ ಒಯ್ದಾಗ ಅಲ್ಲಿಯವರು ಸ್ಕ್ಯಾನರ್ ಹಚ್ಚಿ ನೋಡಿ, ಎಬಿಎಸ್ ಮಾಡ್ಯೂಲ್ ಹೋಗಿದೆ, ಹೊಸದಕ್ಕೆ ಮೂವತ್ತೆಂಟು ಸಾವಿರ ಎಂದರಂತೆ. ಅನುಮಾನಪಟ್ಟರೆ ಪರದೆಯನ್ನೇ ಮುಖದ ಮುಂದೆ ಹಿಡಿದರಂತೆ. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೇ ಇದೆಯಂತೆ. ಕಂಪ್ಯೂಟರೇ ಹೇಳಿದ ಮೇಲೆ ನಂಬದೆ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಕಾರಿನದಾದರೂ ಉತ್ತರದ ಬಹುಭಾಗ ಹತ್ತನೆಯ ತರಗತಿಯ ವಿದ್ಯುತ್ ಪಾಠದಲ್ಲಿದೆ. ಆದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ. ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ಓದಿದರೆ ಇನ್ನೂ ಒಳ್ಳೆಯದು.

ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ವೇಗದ ಮುಳ್ಳಿಗೆ ಗೇರ್‌ಬಾಕ್ಸಿನಿಂದ ತಿರುಗುವ ಕೇಬಲ್ಲೊಂದು ಬರುತ್ತಿತ್ತು. ಅದು ತುಂಡಾದರೆ ಮುಳ್ಳು ನಿಲ್ಲುತ್ತಿತ್ತು, ಅಷ್ಟೇ. ಅದಕ್ಕೂ ಸ್ಟಿಯರಿಂಗಿಗೂ ಯಾವ ಸಂಬಂಧವೂ ಇರಲಿಲ್ಲ. ಇಂದಿನ ಕಾರಿನಲ್ಲಿ ಎಂಜಿನ್ನಿಗೆ, ಬ್ರೇಕಿಗೆ, ಸ್ಟಿಯರಿಂಗಿಗೆ, ಏರ್‌ಬ್ಯಾಗಿಗೆ, ಬಾಗಿಲು ದೀಪಗಳಿಗೆ, ಮುಂದಿನ ಮೀಟರ್ ಫಲಕಕ್ಕೆ ಹೀಗೆ ಒಂದೊಂದಕ್ಕೂ ಒಂದೊಂದು ಚಿಕ್ಕ ಕಂಪ್ಯೂಟರ್ ಇದೆ. ಗ್ಯಾರೇಜಿನ ಭಾಷೆಯಲ್ಲಿ ಇವೇ ಮಾಡ್ಯೂಲುಗಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕು. ಅನೇಕ ಕಾರುಗಳಲ್ಲಿ ಗಾಲಿಗಳು ಎಷ್ಟು ವೇಗವಾಗಿ ತಿರುಗುತ್ತಿವೆ ಎಂದು ಲೆಕ್ಕ ಇಡುವುದು ಎಬಿಎಸ್ ಮಾಡ್ಯೂಲ್. ಆ ಲೆಕ್ಕವನ್ನು ಕೇಳಿಸಿಕೊಂಡು ಮೀಟರ್ ಫಲಕ ಮುಳ್ಳನ್ನು ಏರಿಸುತ್ತದೆ. ಅದೇ ಲೆಕ್ಕವನ್ನು ಕೇಳಿಸಿಕೊಂಡು ಸ್ಟಿಯರಿಂಗಿನ ಮೋಟಾರು ನಿಧಾನವಾಗಿ ಹೋಗುವಾಗ ಹೆಚ್ಚು, ವೇಗವಾಗಿ ಹೋಗುವಾಗ ಕಡಿಮೆ ನೆರವು ಕೊಡುತ್ತದೆ. ಎಬಿಎಸ್ ಮಾತು ನಿಲ್ಲಿಸಿದರೆ ಮುಳ್ಳು ಸೊನ್ನೆಗೆ ಬೀಳುವುದು ಇದೇ ಕಾರಣಕ್ಕೆ.

ಈಗ ಒಂದು ಲೆಕ್ಕ ಮಾಡಿ. ಹತ್ತು ಮಾಡ್ಯೂಲುಗಳಿವೆ, ಪ್ರತಿಯೊಂದೂ ಉಳಿದ ಎಲ್ಲದರೊಡನೆ ನೇರವಾಗಿ ಮಾತನಾಡಬೇಕು. ಎಷ್ಟು ಜೋಡಣೆಗಳು ಬೇಕು? ಹತ್ತನ್ನು ಒಂಬತ್ತರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 45. ಅಷ್ಟು ತಂತಿ ಎಳೆದರೆ ಕಾರು ತಂತಿಯ ಬುಟ್ಟಿಯಾದೀತು! ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರುಗಳು 1983ರಲ್ಲಿ ಈ ತೊಡಕನ್ನು ಕೈಗೆತ್ತಿಕೊಂಡರು. ಎಲ್ಲರಿಗೂ ಸೇರಿ ಎರಡೇ ತಂತಿ ಎಂಬುದು ಅವರು ಕಂಡುಕೊಂಡ ದಾರಿ. 1986ರ ಫೆಬ್ರುವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕದ ಮುಂದಿಟ್ಟರು. ಕಂಟ್ರೋಲರ್ ಏರಿಯಾ ನೆಟ್‌ವರ್ಕ್ ಎಂಬುದು ಅದರ ಪೂರ್ಣ ಹೆಸರು, ಕರೆಯುವ ಹೆಸರು ಕ್ಯಾನ್. 1987ರಲ್ಲಿ ಅದಕ್ಕೆ ಬೇಕಾದ ಚಿಪ್ಪುಗಳು ಬಂದವು. 1993ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಬಾಷ್ ನಮಗೆ ಹೊರಗಿನ ಹೆಸರೇನಲ್ಲ. ಟ್ರ್ಯಾಕ್ಟರು, ಲಾರಿ ಇದ್ದ ಮನೆಯವರೆಲ್ಲ ಬಲ್ಲ ಬೆಂಗಳೂರಿನ ಮೈಕೋ ಇದೇ ಮನೆತನದ್ದು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ತನ್ನ ಹೆಸರನ್ನೂ ಬಾಷ್ ಎಂದೇ ಬದಲಿಸಿಕೊಂಡಿತು.

ಎರಡೇ ತಂತಿಯಲ್ಲಿ ಹತ್ತು ಜನ ಮಾತನಾಡಿದರೆ ಗದ್ದಲವಾಗುವುದಿಲ್ಲವೇ? ಕ್ಯಾನ್‌ನ ಜಾಣತನವೆಲ್ಲ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಎರಡು ತಂತಿಗಳಿಗೆ ಹೈ ಮತ್ತು ಲೋ ಎಂದು ಹೆಸರು. ಯಾರೂ ಮಾತನಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ವಿಭವಾಂತರ ಸೊನ್ನೆ. ದ್ವಿಮಾನ ಪದ್ಧತಿಯಲ್ಲಿ ಇದು 1. ಮಾತನಾಡುವ ಮಾಡ್ಯೂಲ್ ಹೈ ತಂತಿಯನ್ನು 3.5ಕ್ಕೆ ಏರಿಸಿ, ಲೋ ತಂತಿಯನ್ನು 1.5ಕ್ಕೆ ಇಳಿಸಿದರೆ ವಿಭವಾಂತರ 2 ವೋಲ್ಟ್. ಇದು 0. ಪಕ್ಕದಲ್ಲೇ ಇಗ್ನಿಷನ್ ಕಾಯಿಲ್ ಕಿಡಿ ಹಾರಿಸಿ ಎರಡೂ ತಂತಿಗಳಿಗೆ ಒಂದೊಂದು ವೋಲ್ಟ್ ಹೆಚ್ಚಿಗೆ ತುಂಬಿತು ಎನ್ನಿ. 4.5 ಮತ್ತು 2.5 ಆಯಿತು. ವ್ಯತ್ಯಾಸ ಮತ್ತೆ 2! ಹೊರಗಿನ ಗದ್ದಲ ಎರಡನ್ನೂ ಸಮನಾಗಿ ತಾಕಲಿ ಎಂದೇ ಈ ತಂತಿಗಳನ್ನು ಹಗ್ಗದ ಹುರಿಯಂತೆ ಹೊಸೆದಿರುತ್ತಾರೆ. ರಿಪೇರಿ ಮಾಡುವವರು ಹುರಿ ಬಿಚ್ಚಿ ಗೇಣುದ್ದ ನೇರ ತಂತಿ ಸೇರಿಸಿ ಟೇಪು ಸುತ್ತುವುದನ್ನು ಕಂಡಾಗ ನನಗೆ ಕೈ ತಡೆಯಬೇಕೆನಿಸುತ್ತದೆ.

ಇನ್ನು ಸರದಿಯ ಮಾತು. ಪ್ರತಿ ಸಂದೇಶವೂ ಒಂದು ಸಂಖ್ಯೆಯಿಂದ ಆರಂಭವಾಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಸುದ್ದಿ ತುರ್ತಿನದು. ನಿಜವಾದ ಸಂಖ್ಯೆ ಸಾಮಾನ್ಯವಾಗಿ 11 ಅಂಕಿಗಳ ದ್ವಿಮಾನ ಸಂಖ್ಯೆ. ನಾವು ಮೂರೇ ಅಂಕಿ ಇಟ್ಟುಕೊಳ್ಳೋಣ. 5, 3, 6 ಎಂಬ ಮೂರು ಸಂದೇಶಗಳು ಒಂದೇ ಕ್ಷಣದಲ್ಲಿ ಹೊರಟವು. ದ್ವಿಮಾನದಲ್ಲಿ ಅವು 101, 011, 110. ಮೊದಲ ಅಂಕಿಯಲ್ಲಿ 5 ಮತ್ತು 6 ಕಳಿಸಿದ್ದು 1, ಅಂದರೆ ಮೌನ. 3 ಕಳಿಸಿದ್ದು 0, ಅಂದರೆ ದನಿ. ಮೌನ ಮತ್ತು ದನಿ ಕೂಡಿದರೆ ಕೇಳಿಸುವುದು ದನಿಯೇ. ಹಾಗಾಗಿ ತಂತಿಯ ಮೇಲೆ 0 ಕಾಣಿಸುತ್ತದೆ. ತಾವು 1 ಕಳಿಸಿದರೂ 0 ಕೇಳಿಸಿತೆಂದರೆ ತಮಗಿಂತ ತುರ್ತಿನವರು ಯಾರೋ ಇದ್ದಾರೆಂದು ತಿಳಿದು 5 ಮತ್ತು 6 ಸುಮ್ಮನಾಗುತ್ತವೆ. 3 ತನ್ನ ಮಾತನ್ನು ಒಂದಕ್ಷರವೂ ಕೆಡದಂತೆ ಮುಗಿಸುತ್ತದೆ. ಆಮೇಲೆ 5 ಮತ್ತು 6ರಲ್ಲಿ ಯಾರು ಮೊದಲು? ನೀವೇ ಬಿಡಿಸಿ. ಸೆಕೆಂಡಿಗೆ 5 ಲಕ್ಷ ಅಂಕಿಗಳ ವೇಗದಲ್ಲಿ ಒಂದು ಪೂರ್ಣ ಸಂದೇಶಕ್ಕೆ ಸುಮಾರು ಕಾಲು ಮಿಲಿಸೆಕೆಂಡ್ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಸಾಗುವುದು ನಾಲ್ಕೇ ಮಿಲಿಮೀಟರ್.

ನನ್ನ ತರಗತಿಯಲ್ಲಿ ಇಷ್ಟು ಶಿಸ್ತು ಬಂದಿದ್ದರೆ ನನ್ನ ಗಂಟಲು ಇನ್ನೂ ಹತ್ತು ವರ್ಷ ಬಾಳುತ್ತಿತ್ತು.

ಶಿಸ್ತಿಗೆ ಶಿಕ್ಷೆಯೂ ಇದೆ. ಕಳಿಸಿದ ಸಂದೇಶ ಕೆಟ್ಟರೆ ಆ ಮಾಡ್ಯೂಲ್ ತನ್ನ ಲೆಕ್ಕಕ್ಕೆ 8 ಅಂಕ ಕೂಡಿಸಿಕೊಳ್ಳುತ್ತದೆ. ಸರಿಯಾಗಿ ಹೋದರೆ 1 ಅಂಕ ಕಳೆದುಕೊಳ್ಳುತ್ತದೆ. ಲೆಕ್ಕ 255 ದಾಟಿದರೆ ಇತರರಿಗೆ ತೊಂದರೆಯಾಗದಿರಲೆಂದು ತಾನೇ ತಂತಿಯಿಂದ ಹೊರಗುಳಿಯುತ್ತದೆ. ಈ ಮಾತನ್ನು ನೆನಪಿಡಿ. ಕಾರಿನಲ್ಲಿ ಒಬ್ಬರು ಮೌನವಾಗಲು ಇದೂ ಒಂದು ಕಾರಣ.

ಬಾಗಲಕೋಟೆ ಜಿಲ್ಲೆಯ ಶಾಲೆಗಳಿಂದ ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ಯುವುದು ವಾಡಿಕೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬ ಕೂಗಿದರೆ ದನಿ ಮತ್ತೆ ಮತ್ತೆ ಮರಳಿ ಬರುತ್ತದೆ. ನಲವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಮುಗಿಯಿತು, ಯಾರು ಏನೆಂದರೆಂದು ಬ್ರಹ್ಮನಿಗೂ ತಿಳಿಯದು. ತಂತಿಯಲ್ಲೂ ಹೀಗೆಯೇ. ವಿದ್ಯುತ್ ಸಂಕೇತ ತಂತಿಯ ತುದಿ ಮುಟ್ಟಿದಾಗ ಅಲ್ಲಿ ಹೀರಿಕೊಳ್ಳುವವರು ಯಾರೂ ಇಲ್ಲದಿದ್ದರೆ ಮರಳಿ ಬಂದು ಮುಂದಿನ ಸಂಕೇತದೊಡನೆ ಕಲಸಿಹೋಗುತ್ತದೆ. ಇದನ್ನು ತಡೆಯಲು ಜೋಡಿ ತಂತಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕವನ್ನು ಹೈ ಮತ್ತು ಲೋ ನಡುವೆ ಕೂಡಿಸಿರುತ್ತಾರೆ. ಗೋಡೆಗೆ ದಪ್ಪ ಕಂಬಳಿ ತೂಗುಹಾಕಿದರೆ ಪ್ರತಿಧ್ವನಿ ಅಡಗುವಂತೆ ಈ ರೋಧಕಗಳು ಸಂಕೇತವನ್ನು ತುದಿಯಲ್ಲೇ ಹೀರಿಬಿಡುತ್ತವೆ.

ಈಗ ಪಠ್ಯಪುಸ್ತಕ ತೆಗೆಯಿರಿ. 120 ಓಮ್‌ನ ಎರಡು ರೋಧಕಗಳು ಸಮಾಂತರ ಜೋಡಣೆಯಲ್ಲಿವೆ. ಫಲಿತ ರೋಧ ಎಷ್ಟು? ನೂರಿಪ್ಪತ್ತರಲ್ಲಿ ಒಂದಕ್ಕೆ ನೂರಿಪ್ಪತ್ತರಲ್ಲಿ ಒಂದು ಕೂಡಿಸಿದರೆ ಅರವತ್ತರಲ್ಲಿ ಒಂದು. ಆದ್ದರಿಂದ 60 ಓಮ್. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಈ ಲೆಕ್ಕವೇ ಗ್ಯಾರೇಜಿನಲ್ಲಿ ಸಾವಿರಾರು ರೂಪಾಯಿಯ ಲೆಕ್ಕ. ಚಾಲಕನ ಮೊಣಕಾಲಿನ ಹತ್ತಿರ, ಸ್ಟಿಯರಿಂಗಿನ ಕೆಳಗೆ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಚುಚ್ಚುವುದು ಅಲ್ಲಿಯೇ. 16ನೆಯ ಪಿನ್ನಿಗೆ ಬ್ಯಾಟರಿಯ ಧನ ತುದಿ, 4 ಮತ್ತು 5ಕ್ಕೆ ಅರ್ಥ್. ಕ್ಯಾನ್‌ನ ಹೈ ತಂತಿ 6ರಲ್ಲಿ, ಲೋ ತಂತಿ 14ರಲ್ಲಿ. ಬ್ಯಾಟರಿ ಸಂಪರ್ಕ ತೆಗೆದು ಕೆಲವು ನಿಮಿಷ ಬಿಟ್ಟು 6 ಮತ್ತು 14ರ ನಡುವೆ ಮಲ್ಟಿಮೀಟರ್ ಹಿಡಿದರೆ 60ರ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕೈಬಿಟ್ಟಿದೆ. ಸೊನ್ನೆಯ ಹತ್ತಿರವಿದ್ದರೆ ಎರಡು ತಂತಿಗಳು ಎಲ್ಲೋ ಒಂದನ್ನೊಂದು ಮುಟ್ಟಿವೆ. ಕೆಲವು ಹೊಸ ಕಾರುಗಳಲ್ಲಿ ಸಾಕೆಟ್ಟಿನ ಹಿಂದೆ ಗೇಟ್‌ವೇ ಎಂಬ ಕಾವಲುಗಾರ ಮಾಡ್ಯೂಲ್ ಇರುವುದರಿಂದ ಒಳಗಿನ ತಂತಿಗಳನ್ನು ಇಲ್ಲಿಂದ ಅಳೆಯಲಾಗದು. ಅಲ್ಲಿ ಆ ಕಾರಿನ ವೈರಿಂಗ್ ನಕ್ಷೆಯೇ ಬೇಕು.

ಅಂಥ ಸಾಕೆಟ್ ಎಲ್ಲ ಕಾರಿನಲ್ಲೂ ಒಂದೇ ಬಗೆಯದಾಗಲು ಕಾರಣ ಹೊಗೆಯ ಕಾನೂನು. ಎಂಜಿನ್ ಹೆಚ್ಚು ಹೊಗೆ ಬಿಡುತ್ತಿದ್ದರೆ ಕಾರು ತಾನೇ ಗುರುತಿಸಿ ದೀಪ ಹಚ್ಚಬೇಕೆಂಬ ನಿಯಮ ಅಮೆರಿಕದಲ್ಲಿ 1996ರ ಮಾದರಿಗಳಿಂದ ಈಗಿನ ರೂಪಕ್ಕೆ ಬಂತು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ಕೆಳಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ ಜಾರಿಯಾಯಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಭಾರತ್ ಸ್ಟೇಜ್ 6.

ಸ್ಕ್ಯಾನರ್ ಮಾಡುವ ಕೆಲಸವೇನೆಂದು ಶಾಲೆಯ ಮಾತಿನಲ್ಲೇ ಹೇಳುತ್ತೇನೆ. ಅದು ಹಾಜರಿ ತೆಗೆದುಕೊಳ್ಳುತ್ತದೆ. ಪ್ರತಿ ಮಾಡ್ಯೂಲಿನ ಹೆಸರು ಕರೆದು, ಇದ್ದೀಯಾ, ನಿನಗೇನಾದರೂ ದೂರು ಇದೆಯೇ ಎಂದು ಕೇಳುತ್ತದೆ. ಬಂದ ದೂರುಗಳಿಗೆ ಸಂಕೇತ ಸಂಖ್ಯೆಗಳಿವೆ. ಎಂಜಿನ್, ಗೇರ್‌ಬಾಕ್ಸಿನ ದೂರುಗಳು ಪಿ ಅಕ್ಷರದಿಂದಲೂ, ಬ್ರೇಕು ಸ್ಟಿಯರಿಂಗಿನವು ಸಿ ಅಕ್ಷರದಿಂದಲೂ, ಕಾರಿನ ಒಡಲಿನವು ಬಿ ಅಕ್ಷರದಿಂದಲೂ, ಪರಸ್ಪರ ಮಾತುಕತೆಯವು ಯು ಅಕ್ಷರದಿಂದಲೂ ಆರಂಭವಾಗುತ್ತವೆ. ಯು 0100 ಎಂದರೆ ಎಂಜಿನ್ ಮಾಡ್ಯೂಲಿನ ಮಾತು ಕೇಳಿಸುತ್ತಿಲ್ಲ. ಯು 0121 ಎಂದರೆ ಎಬಿಎಸ್ ಮಾಡ್ಯೂಲಿನ ಮಾತು ಕೇಳಿಸುತ್ತಿಲ್ಲ.

ಪತ್ರ ಬರೆದ ಪಾಲಕರಿಗೆ ತೋರಿಸಿದ್ದು ಇದೇ ಯು 0121. ಇಲ್ಲಿ ಒಂದು ಸೂಕ್ಷ್ಮವಿದೆ. ಈ ದೂರು ಕೊಟ್ಟವರು ಯಾರು? ಎಬಿಎಸ್ ಅಲ್ಲ, ಎಂಜಿನ್ ಮಾಡ್ಯೂಲ್. ಗೈರುಹಾಜರಾದ ಹುಡುಗ ತಾನು ಬಂದಿಲ್ಲವೆಂದು ತಾನೇ ಹೇಳಲಾರ. ಪಕ್ಕದ ಹುಡುಗ ಎದ್ದು ನಿಂತು, ಸರ್, ಇವನು ಬಂದಿಲ್ಲ ಎನ್ನುತ್ತಾನೆ. ಏಕೆ ಬಂದಿಲ್ಲ? ಜ್ವರವೋ, ಬಸ್ಸು ತಪ್ಪಿತೋ, ಹೊಲಕ್ಕೆ ಹೋದನೋ, ಪಕ್ಕದವನಿಗೆ ಗೊತ್ತಿಲ್ಲ. ಬಂದಿಲ್ಲ ಎಂಬ ಒಂದು ಮಾತು ಕೇಳಿ ಹುಡುಗ ಸತ್ತನೆಂದು ರಿಜಿಸ್ಟರಿನಲ್ಲಿ ಬರೆಯುವ ಮೇಷ್ಟ್ರು ಇದ್ದಾರೆಯೇ? ಯು 0121 ನೋಡಿದ ಕೂಡಲೇ ಮಾಡ್ಯೂಲ್ ಬದಲಿಸಲು ಹೇಳುವುದು ಅಂಥದೇ ಕೆಲಸ. ಯಂತ್ರ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಅಷ್ಟು, ಕೇಳಿಸಿಕೊಂಡವರು ತಿಳಿದದ್ದು ಇಷ್ಟು.

ಇಳಕಲ್ಲಿನಲ್ಲಿ ಹೆದ್ದಾರಿಯ ಬದಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಹೋಗುವ ಗ್ರಾನೈಟ್ ಲಾರಿಗಳ ದೂಳು ಅವನ ಸ್ಪ್ಯಾನರುಗಳ ಮೇಲೆಲ್ಲ ಕುಳಿತಿರುತ್ತದೆ. ಪತ್ರ ಬರೆದವರನ್ನು ಒಂದು ಭಾನುವಾರ ಅಲ್ಲಿಗೆ ಬರಲು ತಿಳಿಸಿ ನಾನೂ ಬಾಗಲಕೋಟೆಯಿಂದ ಹೋದೆ. ಕುತೂಹಲ ನನ್ನದೇ ಆದ್ದರಿಂದ ಬಸ್ ಚಾರ್ಜೂ ನನ್ನದೇ.

ಅವನು ಮೊದಲು ಮಾಡಿದ್ದು ಬ್ಯಾಟರಿಯ ವೋಲ್ಟ್ ನೋಡುವುದು. ಬ್ಯಾಟರಿ ಸೋತಿದ್ದರೆ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವಿಭವಾಂತರ ಕುಸಿದು ಹಲವು ಮಾಡ್ಯೂಲುಗಳು ಒಟ್ಟಿಗೆ ತಬ್ಬಿಬ್ಬಾಗಿ ಸುಳ್ಳು ದೂರುಗಳ ಸರಮಾಲೆಯೇ ಬರುತ್ತದೆ. ಬ್ಯಾಟರಿ ಸರಿಯಿತ್ತು. ಆಮೇಲೆ ಇದ್ದ ದೂರುಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಯಾವ ಮಾಡ್ಯೂಲ್, ಯಾವ ದೂರು, ಅದು ಈಗಿನದೋ ಹಿಂದಿನದೋ. ಅನಂತರವೇ ಎಲ್ಲವನ್ನೂ ಅಳಿಸಿದ. ಬರೆಯದೆ ಅಳಿಸುವವರು ಸಾಕ್ಷಿಯನ್ನೇ ಅಳಿಸಿದಂತೆ. ಬ್ಯಾಟರಿ ಬಿಚ್ಚಿಟ್ಟು 6 ಮತ್ತು 14ರ ನಡುವೆ ಅಳೆದ. 60.4 ಓಮ್. ತಂತಿಗಳೂ ತುದಿಗಳೂ ಸರಿಯಿವೆ ಎಂದಾಯಿತು.

ಬ್ಯಾಟರಿ ಮತ್ತೆ ಕೂಡಿಸಿ, ಎಂಜಿನ್ ಚಾಲೂ ಮಾಡಿ, ಸ್ಕ್ಯಾನರಿನಲ್ಲಿ ಎಲ್ಲ ಮಾಡ್ಯೂಲುಗಳ ಹಾಜರಿಯನ್ನು ಒಟ್ಟಿಗೆ ತೆರೆದಿಟ್ಟ. ಕೈಕೆಳಗಿನ ಹುಡುಗನಿಗೆ ಬಾನೆಟ್ಟಿನ ಕೆಳಗಿನ ವೈರಿಂಗನ್ನು ಒಂದೊಂದು ಕಡೆ ಮೆಲ್ಲಗೆ ಅಲ್ಲಾಡಿಸುತ್ತ ಹೋಗಲು ಹೇಳಿದ. ಬ್ಯಾಟರಿ ಇಟ್ಟ ತಟ್ಟೆಯ ಹತ್ತಿರ ಬಂದಾಗ ಪರದೆಯ ಮೇಲೆ ಎರಡು ಹೆಸರುಗಳು ಒಟ್ಟಿಗೆ ಮಾಯವಾದವು.

"ಸರ, ಇಬ್ಬರು ಗೈರ ಅದಾರ ನೋಡ್ರಿ. ಎಬಿಎಸ್ಸೂ ಹೋತು, ಸ್ಟಿಯರಿಂಗೂ ಹೋತು" ಎಂದ.

"ಎರಡೂ ಕೆಟ್ಟಾವೇನಪಾ ಹಂಗಾರ?" ಎಂದು ಕೇಳಿದೆ.

"ಇಬ್ಬರೂ ಒಂದ ಸಲಕ್ಕ ಸಾಯಂಗಿಲ್ರಿ. ಇಬ್ಬರಿಗೂ ಕೂಡಿದ್ದು ಏನೈತಿ ಅನ್ನೂದು ನೋಡಬೇಕ್ರಿ."

ಮೊದಲ ಗ್ಯಾರೇಜಿನವರು ಎಂಜಿನ್ ಮಾಡ್ಯೂಲನ್ನಷ್ಟೇ ಕೇಳಿದ್ದರಿಂದ ಅವರಿಗೆ ಎಬಿಎಸ್ ಒಂದರ ಹೆಸರು ಸಿಕ್ಕಿತ್ತು. ಇವನು ಇಡೀ ತರಗತಿಯ ಹಾಜರಿ ತೆಗೆದುಕೊಂಡಿದ್ದರಿಂದ ಇಬ್ಬರು ಒಟ್ಟಿಗೆ ಗೈರಾಗುವುದು ಕಂಡಿತು. ಒಂದೇ ಹಳ್ಳಿಯ ಇಬ್ಬರು ಹುಡುಗರು ಒಂದೇ ದಿನ ಬರದಿದ್ದರೆ ಬಸ್ಸಿನ ಬಗ್ಗೆ ವಿಚಾರಿಸಬೇಕಲ್ಲವೇ? ವೈರಿಂಗ್ ನಕ್ಷೆ ತೆಗೆದು ನೋಡಿದರೆ ಎರಡಕ್ಕೂ ಫ್ಯೂಸುಗಳು ಬೇರೆ ಬೇರೆ, ಆದರೆ ಅರ್ಥ್ ತಂತಿಗಳು ಬ್ಯಾಟರಿ ತಟ್ಟೆಯ ಕೆಳಗೆ ಒಂದೇ ಬೋಲ್ಟಿಗೆ ಸೇರಿದ್ದವು.

ಅಲ್ಲಿ ಓಮ್ ಅಳೆದರೆ 0.1, 0.2 ಎಂದು ತೋರಿಸುತ್ತಿತ್ತು. ಮೀಟರಿನ ಸ್ವಂತ ತಂತಿಗಳ ರೋಧವೇ ಅಷ್ಟಿರುವಾಗ ಇದರಿಂದ ಏನೂ ತಿಳಿಯದು. ಅವನು ಓಮ್ ಬಿಟ್ಟು ವೋಲ್ಟಿಗೆ ಹೊರಳಿಸಿದ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಆ ಬೋಲ್ಟಿಗೆ ಬರುವ ತಂತಿಯ ತುದಿಗೆ. ನಿಂತ ಜಾಗದಲ್ಲೇ ಸ್ಟಿಯರಿಂಗ್ ತಿರುಗಿಸಲು ಹೇಳಿದ. ಮೀಟರು 3 ವೋಲ್ಟ್ ದಾಟಿತು! ಒಳ್ಳೆಯ ಅರ್ಥ್ ಆಗಿದ್ದರೆ ಅದು 0.1, 0.2ರ ಮೇಲೆ ಹೋಗಬಾರದು. ಓಮ್‌ನ ನಿಯಮ ನೆನಪಿಸಿಕೊಳ್ಳಿ. ಸ್ಟಿಯರಿಂಗಿನ ಮೋಟಾರು 30 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.1 ಓಮ್ ಅಡ್ಡಬಂದರೂ 30ನ್ನು 0.1ರಿಂದ ಗುಣಿಸಿ 3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಹನ್ನೆರಡರಲ್ಲಿ ಮೂರು ಹೋದರೆ ಉಳಿಯುವುದು ಒಂಬತ್ತು. ಅಷ್ಟಕ್ಕೆ ಮಾಡ್ಯೂಲುಗಳು ಕೈಚೆಲ್ಲುತ್ತವೆ. ಅವು ಸತ್ತಿರಲಿಲ್ಲ. ಹೊಟ್ಟೆಗಿಲ್ಲದೆ ಮಾತು ನಿಲ್ಲಿಸಿದ್ದವು. ರಸ್ತೆಯ ಕುಲುಕಾಟದಲ್ಲಿ ಬೋಲ್ಟು ಸಡಿಲವಾದಾಗ ಗೈರು, ಮತ್ತೆ ಕೂತಾಗ ಹಾಜರು.

ಬೋಲ್ಟು ಬಿಚ್ಚಿದಾಗ ಕೆಳಗೆ ಬಿಳಿ ಪುಡಿಯೂ ತುಕ್ಕೂ ಮೆತ್ತಿಕೊಂಡಿದ್ದವು. ಬ್ಯಾಟರಿಯಿಂದ ಒಸರಿದ ಆಮ್ಲದ ಕೆಲಸ. ಎಮರಿ ಕಾಗದದಿಂದ ಉಜ್ಜಿ, ಹೊಸ ವಾಷರ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿದ. ಮತ್ತೆ ಅಳೆದಾಗ 0.05 ವೋಲ್ಟ್. ಅವನ ಮನೆಯವರು ನೇಕಾರರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸುವುದನ್ನು ನೀವು ಬಲ್ಲಿರಿ. ಕೈ ಒರೆಸಿಕೊಳ್ಳುತ್ತ ಅವನು ಅಂದದ್ದು ಇಷ್ಟು: "ಎಳಿ ನಡುವ ಹರಿಯೂದು ಕಡಿಮಿ ಸರ, ಕೂಡಿಸಿದಲ್ಲೇ ಬಿಡತೈತ್ರಿ. ವೈರಿಂಗ್‌ನ್ಯಾಗೂ ಹಂಗ."

ಅವನು ತೆಗೆದುಕೊಂಡದ್ದು ಐದುನೂರು ರೂಪಾಯಿ. ಕಾರಿನ ಮಾಲೀಕರು ಸಂತೋಷದಿಂದ ಕೊಟ್ಟರು. ಆದರೆ ಬಂದವರೆಲ್ಲ ಹಾಗೆ ಕೊಡುವುದಿಲ್ಲ, ಒಂದು ಬೋಲ್ಟು ಉಜ್ಜಿದ್ದಕ್ಕೆ ಐದುನೂರೇ ಎಂದು ಜಗಳ ತೆಗೆಯುವವರೇ ಹೆಚ್ಚು ಎಂದು ಅವನು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಡಬ್ಬಿಯಲ್ಲಿ ಬಂದ ಬಿಡಿಭಾಗಕ್ಕೆ ಸಾವಿರಗಟ್ಟಲೆ ತೆರುವ ನಾವು ಹುಡುಕಿದ ಬುದ್ಧಿಗೆ ಕೊಡಲು ಚೌಕಾಸಿ ಮಾಡುತ್ತೇವೆ. ಒಂದೂವರೆ ಗಂಟೆ ತಲೆ ಓಡಿಸಿದರೆ ಬೈಗುಳ, ಮಾಡ್ಯೂಲ್ ಬದಲಿಸಿದರೆ ಲಾಭ ಎಂದಾದರೆ ಯಾವ ಗ್ಯಾರೇಜಿನವನು ತಲೆ ಓಡಿಸಿಯಾನು? ಈ ತಪ್ಪಿನಲ್ಲಿ ಗಿರಾಕಿಗಳ ಪಾಲೂ ಇದೆ.

ಪಾಲಕರು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಎಲ್ಲ ಮಾಡ್ಯೂಲುಗಳನ್ನೂ ಓದಿದಿರಾ, ಒಂದನ್ನೇ ಓದಿದಿರಾ? ಮಾತು ನಿಲ್ಲಿಸಿದ ಮಾಡ್ಯೂಲಿಗೆ ಕರೆಂಟೂ ಅರ್ಥೂ ಲೋಡಿನ ಮೇಲೆ ಸರಿಯಾಗಿ ಬರುತ್ತಿವೆಯೇ? 6 ಮತ್ತು 14ರ ನಡುವೆ ಎಷ್ಟು ಓಮ್ ಇತ್ತು? ಇವಕ್ಕೆ ಉತ್ತರವಿದ್ದು, ಆಮೇಲೂ ಮಾಡ್ಯೂಲೇ ಕೆಟ್ಟಿದೆ ಎಂದರೆ ನಂಬಬಹುದು. ಮಾಡ್ಯೂಲುಗಳು ಕೆಡುವುದೂ ಉಂಟು. ಮೊಬೈಲಿಗೆ ಜೋಡಿಸುವ ಅಗ್ಗದ ಉಪಕರಣ ಕೊಂಡು ತಾವೇ ನೋಡುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಬಹುಪಾಲು ಹೊಗೆಗೆ ಸಂಬಂಧಿಸಿದ ಎಂಜಿನ್ ವಿಷಯವನ್ನಷ್ಟೇ ಕೇಳಬಲ್ಲವು. ಅದರಲ್ಲಿ ಎಬಿಎಸ್ ಕಾಣಲಿಲ್ಲವೆಂದರೆ ಎಬಿಎಸ್ ಗೈರಾಗಿದೆ ಎಂದಲ್ಲ, ಆ ರಿಜಿಸ್ಟರಿನಲ್ಲಿ ಅದರ ಹೆಸರೇ ಇಲ್ಲ. ಹಳೆಯ ಟೆಸ್ಟ್ ಲ್ಯಾಂಪನ್ನು ಈ ತಂತಿಗಳಿಗೆ ಹಚ್ಚಬಾರದು. ಅದರ ಬಲ್ಬು ಎಳೆಯುವ ಪ್ರವಾಹವೇ ಮಾಡ್ಯೂಲಿಗೆ ಹಾನಿ ಮಾಡಬಲ್ಲದು. ಹಳದಿ ಬಣ್ಣದ ಕನೆಕ್ಟರು ಕಂಡರೆ ಕೈ ಹಿಂದೆ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದು ನಮ್ಮ ಭಾಗದವರಿಗೆ ಮರೆಯುವಂಥದಲ್ಲ. ನೀರಿನಲ್ಲಿ ನಿಂತ ಕಾರು ಒಣಗಿದ ಮೇಲೆ ಚೆನ್ನಾಗಿಯೇ ಓಡುತ್ತದೆ. ತಿಂಗಳುಗಳ ಬಳಿಕ ಕಾಲಡಿಯ ಮ್ಯಾಟಿನ ಕೆಳಗಿನ ಕನೆಕ್ಟರುಗಳಲ್ಲಿ ಹಸಿರು ಪುಡಿ ಬೆಳೆಯುತ್ತದೆ. ತಾಮ್ರದ ಪಾತ್ರೆ ಹಸಿರುಗಟ್ಟುವ ಪಾಠ ಓದಿದ್ದೀರಲ್ಲ, ಅದೇ ಕ್ರಿಯೆ. ಮ್ಯಾಟು ಎತ್ತಿ ಟಾರ್ಚು ಬಿಟ್ಟು ನೋಡಲು ಐದು ನಿಮಿಷ ಸಾಕು.

ಗಣಿತದಲ್ಲಿ ಅಂಕ ಕಡಿಮೆ ಬಂದವನನ್ನು ಗ್ಯಾರೇಜಿಗೆ ಹಾಕುತ್ತೇನೆ ಎಂದು ಹೆದರಿಸುವ ಪಾಲಕರು ಇನ್ನೂ ಇದ್ದಾರೆ. ಇಳಕಲ್ಲಿನ ಆ ಒಂದೂವರೆ ಗಂಟೆಯಲ್ಲಿ ಸಮಾಂತರ ಜೋಡಣೆ, ಓಮ್‌ನ ನಿಯಮ, ಲೋಹದ ಸಂಕ್ಷಾರಣ ಮೂರೂ ಬಂದು ಹೋದವು. ಹತ್ತನೆಯ ತರಗತಿಯ ನಂತರ ಐಟಿಐನಲ್ಲಿ ಮೋಟಾರು ವಾಹನದ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಅಲ್ಲಿಗೆ ಹೋಗುವ ಮಗನಿಗಾಗಲಿ ಮಗಳಿಗಾಗಲಿ ಸ್ಪ್ಯಾನರ್ ಸೆಟ್ಟಿಗೆ ಮೊದಲು ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಕೊಡಿಸಿ.

ಇನ್ನು ಈ ವಾರದ ಪ್ರಯೋಗ. ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ 120 ಓಮ್‌ನ ಮೂರು ರೋಧಕಗಳನ್ನು ತನ್ನಿ. ಬೆಲೆ ಕೆಲವೇ ರೂಪಾಯಿ. ಎರಡು ಮೀಟರ್ ಉದ್ದದ ಎರಡು ತಂತಿಗಳನ್ನು ಹುರಿಯಾಗಿ ಹೊಸೆದು, ಎರಡೂ ತುದಿಗಳಲ್ಲಿ ಅವುಗಳ ನಡುವೆ ಒಂದೊಂದು ರೋಧಕ ಕೂಡಿಸಿ. ಮೀಟರು 60 ತೋರಿಸಬೇಕು. ಈಗ ಗೆಳೆಯನೊಬ್ಬ ಟವೆಲಿನ ಮರೆಯಲ್ಲಿ ಏನಾದರೊಂದು ದೋಷ ಮಾಡಲಿ. ಮೂರನೆಯ ರೋಧಕವನ್ನೂ ಅಡ್ಡ ಕೂಡಿಸಿದರೆ ಎಷ್ಟು ತೋರಿಸುತ್ತದೆ ಎಂದು ಮೊದಲು ಲೆಕ್ಕ ಮಾಡಿ, ಆಮೇಲೆ ಅಳೆಯಿರಿ. ಹೊರಗಿನಿಂದ ಬೇರೆ ಉಪಕರಣ ಹಾಕಿಸಿದ ಕಾರುಗಳಲ್ಲಿ ಈ ಸಂಖ್ಯೆ ಸಿಗುವುದುಂಟು.

ಕಷ್ಟದ ಪ್ರಶ್ನೆ ಇದು. ಗೆಳೆಯ ಒಂದು ಸಲ ಆಚೆ ತುದಿಯ ರೋಧಕವನ್ನು ಕಿತ್ತಿಡುತ್ತಾನೆ. ಇನ್ನೊಂದು ಸಲ ರೋಧಕಗಳನ್ನು ಹಾಗೆಯೇ ಬಿಟ್ಟು ನಡುವೆ ಒಂದು ತಂತಿಯನ್ನು ಕತ್ತರಿಸುತ್ತಾನೆ. ಈಚೆ ತುದಿಯಲ್ಲಿ ಅಳೆದರೆ ಎರಡು ಸಲವೂ 120. ಆಚೆ ತುದಿಯಲ್ಲಿ ಅಳೆದರೂ ಎರಡು ಸಲವೂ 120! ಟವೆಲು ಸರಿಸದೆ, ಈಚೆ ತುದಿಯ ರೋಧಕವನ್ನು ಮಾತ್ರ ಬಿಚ್ಚಲು ನಿಮಗೆ ಅನುಮತಿ ಇದೆ, ಮೀಟರನ್ನು ಯಾವ ತುದಿಗಾದರೂ ಹಿಡಿಯಬಹುದು. ಎರಡರಲ್ಲಿ ಯಾವ ದೋಷವೆಂದು ಹೇಗೆ ಹೇಳುವಿರಿ? ಉತ್ತರವನ್ನು ಚಿತ್ರದ ಸಮೇತ ಬರೆದು ಕಳಿಸಿ. ಸರಿಯುತ್ತರ ಮುಂದಿನ ವಾರ.